ಮೂರು ಸಲ ಬಂದ ಸದ್ದು

ಪದ್ಮಾವತಮ್ಮ ಇಪ್ಪತ್ತೆರಡು ವರ್ಷ ಕಲ್ಯಾಣದುರ್ಗದ ತಂತಿ ಕಚೇರಿಯಲ್ಲಿ ಕೂತು ಟಕಟಕ ಸದ್ದನ್ನು ಕೇಳಿ ಅಕ್ಷರ ಮಾಡಿದವರು. ತಂತಿಯ ಇನ್ನೊಂದು ತುದಿಯಾದ ಹಿಂದೂಪುರದಲ್ಲಿ ಜಯರಾಮಪ್ಪನವರಿದ್ದರು. ಮುಖ ನೋಡುವ ಮೊದಲೇ ಅವರ ಕೈಯ ಪರಿಚಯವಾಗಿತ್ತು. ಕೀ ಒತ್ತುವ ಲಯದಲ್ಲೇ ಅವರಿಗೆ ಇವತ್ತು ನೆಗಡಿಯೋ ಬೇಸರವೋ ಎಂದು ಈಕೆಗೆ ತಿಳಿಯುತ್ತಿತ್ತು. ಟಕಟಕದ ಮೋರ್ಸ್ ತಂತಿ ನಿಂತಿತು, ಇಬ್ಬರೂ ನಿವೃತ್ತರಾದರು. ಪದ್ಮಾವತಮ್ಮ ಮದುವೆಯಾಗಿರಲಿಲ್ಲ. ಬಾಡಿಗೆ ಕೋಣೆಯಲ್ಲಿ ಎಷ್ಟೋ ದಿನ ಹಾಲಿನ ಮುನೆಮ್ಮನ ಜೊತೆ ಆಡಿದ ಎರಡು ಮಾತೇ ಆ ದಿನದ ಮಾತು.

2004ರ ಸೆಪ್ಟೆಂಬರಿನ ಒಂದು ಮಧ್ಯಾಹ್ನ ಜಯರಾಮಪ್ಪ ತೆಲುಗು ಪತ್ರಿಕೆ ಹಿಡಿದು ಬಸ್ಸಿಳಿದು ಬಂದರು. ದೂರದ ನಕ್ಷತ್ರಗಳ ಕಡೆಯಿಂದ ರೇಡಿಯೊ ಸಂಕೇತ ಬಂದಿದೆಯಂತೆ. ಒಂದೇ ಜಾಗದಿಂದ ಮೂರು ಸಲ. ಬೇರೆ ಲೋಕದವರದ್ದಿರಬಹುದೆಂದು ಕೆಲವರು, ಛೇ ಅಲ್ಲವೆಂದು ಕೆಲವರು.

“ನಿಮ್ಮ ಕಿವಿ ಮ್ಯಾಲೆ ನಂಗೆ ನಂಬ್ಕೆ. ಇದು ಯಾರೋ ಕರೀತಿರೋದು ತಾನೆ?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಪದ್ಮಾವತಮ್ಮ ಬರೀ ಗದ್ದಲವನ್ನು ಅಕ್ಷರವೆಂದು ಬರೆದುಕೊಂಡವರೇ ಅಲ್ಲ. ಸುದ್ದಿಯನ್ನು ಎರಡು ಸಲ ಓದಿದರು. ಸದ್ದಿನ ಆವರ್ತನ ಒಂದೇ ಕಡೆ ನಿಲ್ಲದೆ, ಸ್ಟೇಷನ್ ತಪ್ಪಿದ ರೇಡಿಯೊದಂತೆ ಜಾರುತ್ತಿತ್ತಂತೆ. ಅದರೊಳಗೆ ಮಾತು ಅನ್ನುವಂಥದ್ದೇನೂ ಇರಲಿಲ್ಲ.

“ಕರೆಯೋರು ಹಿಂಗೆ ಕರೆಯಲ್ಲ ಜಯರಾಮಪ್ಪನೋರೇ. ಅದನ್ನ ಹಿಡಿದ ಮಿಷಿನ್ನಿಂದೇ ಏನೋ ದೋಷ ಇರ್ಬೇಕು.”

ಜಯರಾಮಪ್ಪ ಪತ್ರಿಕೆ ಮಡಿಚಿಕೊಂಡು ನಾಲ್ಕರ ಬಸ್ಸಿಗೆ ಹೊರಟುಬಿಟ್ಟರು.

ಮೂರೇ ದಿನಕ್ಕೆ, ಸದ್ದು ಹಿಡಿದ ವಿಜ್ಞಾನಿಗಳೇ ಇದಕ್ಕೆ ಇಷ್ಟು ಗದ್ದಲ ಬೇಡವೆಂದಿದ್ದಾರೆಂದು ಒಳಪುಟದಲ್ಲಿ ಬಂತು. ತಮ್ಮ ಮಾತೇ ನಿಜವಾಯಿತೆಂದು ಹೇಳಿಕೊಳ್ಳಲು ಪದ್ಮಾವತಮ್ಮನಿಗೆ ಯಾರೂ ಇರಲಿಲ್ಲ. ಇದ್ದ ಒಬ್ಬರು ಫೋನು ಮಾಡುವುದನ್ನೇ ಬಿಟ್ಟಿದ್ದರು. ಎರಡು ವಾರ ಕಾದು, ಪೆನುಕೊಂಡದಲ್ಲಿ ಬಸ್ಸು ಬದಲಿಸಿ ಹಿಂದೂಪುರಕ್ಕೆ ಹೋದರು.

ಜಯರಾಮಪ್ಪ ಹಳೆಯ ರೇಡಿಯೊ ಮುಂದೆ ಕೂತಿದ್ದರು. ಮುಳ್ಳು ಯಾವ ಸ್ಟೇಷನ್ನಿನಲ್ಲೂ ಇರಲಿಲ್ಲ, ಬರೀ ಸುಯ್ಯೆನ್ನುವ ಸದ್ದು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆಕೆಯ ಸೀರೆ ಇನ್ನೂ ಗೂಟದಲ್ಲೇ ಇತ್ತು. ಆ ರೇಡಿಯೊಗೆ ನಕ್ಷತ್ರದ ಸದ್ದು ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಆದರೂ ಪದ್ಮಾವತಮ್ಮ ಕುರ್ಚಿ ಎಳೆದುಕೊಂಡು ಬಹಳ ಹೊತ್ತು ಕಿವಿಗೊಟ್ಟರು.

“ಏನೂ ಇಲ್ಲ,” ಅಂದರು ಕೊನೆಗೆ.

“ಇಲ್ಲ ಅಂತ ನಂಗೂ ಗೊತ್ತು ಕಣಮ್ಮ. ಆವತ್ತು ನೀವು ಹೂಂ ಅಂದಿದ್ರೆ, ಯಾರೋ ಕರೀತಾರೆ ಅಂತ ಇನ್ನೊಂದಷ್ಟು ದಿನ ಕಾಯ್ಬೋದಾಗಿತ್ತು, ಅಷ್ಟೆ.”

ಪದ್ಮಾವತಮ್ಮ ಐದರ ಬಸ್ಸನ್ನು ಬಿಟ್ಟು ಆರೂವರೆಯದಕ್ಕೆ ಹೊರಟರು. ಮುಂದಿನ ತಿಂಗಳೂ ಬರುತ್ತೇನೆಂದರು, ಹೇಳಿದಂತೆ ಹೋದರು ಕೂಡ. ಆ ಸುದ್ದಿಯನ್ನು ಮಾತ್ರ ಇಬ್ಬರೂ ಮತ್ತೆ ಎತ್ತಲಿಲ್ಲ.