ಡಿಕ್ಕಿಯೊಳಗಿನ ಪಾಠ
ನಮ್ಮ ಬೀದಿಯಲ್ಲಿ ಕಾರಿನ ವೈರಿಂಗ್ ರಿಪೇರಿ ಮಾಡುವವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ, ಏಕೆಂದರೆ ಕಾರು ಬಿಟ್ಟವರಿಗೆಲ್ಲ ಪಾಠ ತಪ್ಪಿದ್ದಲ್ಲ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ, ಹಿಂದೆ ನರಪಿಳ್ಳೆ ಇಲ್ಲದಿದ್ದರೂ ರಿವರ್ಸ್ ಸೆನ್ಸರ್ ಬಾಯಿ ಬಡಿದುಕೊಳ್ಳುತ್ತದೆ ಎಂದು ದೂರು ಒಯ್ದರೆ, "ಬಲ್ಬಿನ ತಪ್ಪಲ್ಲ ಸ್ವಾಮಿ, ಅರ್ಥಿಂಗ್ ವೈರಿಗೆ ತುಕ್ಕು ಹಿಡಿದಿರುತ್ತೆ," ಎಂದು ಡಿಕ್ಕಿಯೊಳಗೆ ಅರ್ಧ ಮೈ ತೂರಿಸುತ್ತಾರೆ. ಅಲ್ಲಿಂದಲೇ ಪ್ರಶ್ನೆ. "ಇದು ಯಾವ ಬಣ್ಣ, ಹೇಳಿ?" "ಕೆಂಪು." "ಇದು?" "ಹಸಿರು." "ಭೇಷ್! ಯಜಮಾನರಿಗೆ ತಮ್ಮ ಕಾರಿನ ವೈರು ಗೊತ್ತಿರಬೇಕು." ಫ್ಯೂಸ್ ಎಲ್ಲಿದೆಯೆಂದೂ ತಿಳಿಯದ ನಾನು ಮನೆಗೆ ಬಂದು ಹೆಂಡತಿಯೆದುರು ಅರ್ಧ ಇಂಜಿನಿಯರನಂತೆ ಬೀಗುತ್ತಿದ್ದೆ. ಮೊನ್ನೆ ಮೇಷ್ಟ್ರು ಟೆಸ್ಟರ್ ಕೇಳಿದರೆಂದು ಅವರ ಸಾಮಾನಿನ ಪೆಟ್ಟಿಗೆ ತೆರೆದೆ. ವೈರಿನ ಸುರುಳಿಗಳಿಗೆಲ್ಲ ದಾರ ಕಟ್ಟಿತ್ತು, ಕೆಂಪಿನ ದಾರಕ್ಕೆ ಒಂದು ಗಂಟು, ಹಸಿರಿನದಕ್ಕೆ ಎರಡು. "ನಮ್ಮನೆಯವಳು ಕಟ್ಟಿಕೊಡ್ತಾಳೆ," ಎಂದರು ಮೇಷ್ಟ್ರು, ದನಿ ಇಳಿಸಿ. "ನನ್ನ ಕಣ್ಣಿಗೆ ಕೆಂಪೂ ಹಸಿರೂ ಒಂದೇ. ಜನಕ್ಕೆ ಗೊತ್ತಾದ್ರೆ ಯಾರು ಸ್ವಾಮಿ ಕಾರು ತರ್ತಾರೆ?" ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದು ಪಕ್ಕದಲ್ಲೇ ನಿಂತ. ಮೇಷ್ಟ್ರು ಒಂದು ವೈರು ಎತ್ತಿ ಹಿಡಿದು, ಏನೂ ಕೇಳದೆ ನನ್ನ ಮುಖ ನೋಡಿದರು. ನಾನು ಪೆಟ್ಟಿಗೆ ಮುಚ್ಚಿದೆ. "ಕೆಂಪು, ಮೇಷ್ಟ್ರೇ! ನೋಡಿ, ಈ ಸಲ ನೀವು ಕೇಳೋ ಮೊದಲೇ ಪಾಠ ಒಪ್ಪಿಸಿಬಿಟ್ಟೆ."