ಹತ್ತಿಗೂಡೂರಿನಲ್ಲಿ ನಿಲ್ಲದ ಗಾಡಿ

ಮಕ್ಕಾ–ಮದೀನಾದ ಉಮ್ರಾ ಯಾತ್ರೆಗೆ ಹೊರಡುವವರು ನಮ್ಮಲ್ಲಿ ಮನೆಮನೆಗೆ ಹೋಗಿ ಮಾಫಿ ಕೇಳಿ ಬರುತ್ತಾರೆ. ಆಡಿದ್ದು, ಕೇಳಿದ್ದು, ಗೊತ್ತಿದ್ದೂ ಗೊತ್ತಿಲ್ಲದೆಯೂ ಆಗಿದ್ದು ಎಲ್ಲ ಮನ್ನಿಸಿಬಿಡಿ ಎಂದು ಕೈ ಹಿಡಿದು ಹೇಳಬೇಕು. ನನ್ನ ಅಣ್ಣ ಸರದಾರಸಾಬ ಅದಕ್ಕಾಗಿ ಸುರಪುರದ ಓಣಿ ಓಣಿ ಸುತ್ತಿದ. ಹಾಲಿನವಳ ಮನೆಗೆ ಹೋದ, ಕಟಿಂಗ್ ಅಂಗಡಿಗೆ ಹೋದ, ಯಾವ ಕಾಲದಲ್ಲೋ ಜೀಪಿನ ಚಾರ್ಜಿನ ವಿಷಯಕ್ಕೆ ತಾನು ಬೈದಿದ್ದ ಒಬ್ಬ ಮುದುಕನನ್ನೂ ಹುಡುಕಿಕೊಂಡು ಹೋದ. ಬಸವಂತ್ರಾಯನ ಮನೆ ಬಂದಾಗ ಮಾತ್ರ ಮುಖ ಆಚೆ ಮಾಡಿ ಸರಸರ ದಾಟಿದ. ನಾನು ಬೆನ್ನಿಗೇ ಇದ್ದೆ.

“ಭಾಯಿ, ಈ ಮನಿ ಒಂದು ಉಳೀತಲ್ಲ?” ಎಂದೆ.

“ನೀ ಸುಮ್ಮ ನಡಿ” ಎಂದ.

ನಾನು ಮಕ್ತುಂಬಿ. ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿ ಈಗ ಮನೆಯಲ್ಲಿ ಕೂತವಳು. ಸಿಟ್ಟು ನನಗೂ ಮೂಗಿನ ತುದಿಯಲ್ಲೇ ಇರುತ್ತದೆ, ಅದು ನಮ್ಮ ಮನೆತನದ ಆಸ್ತಿ. ಆದರೆ ನನ್ನ ಸಿಟ್ಟು ಸಂಜೆಯ ಚಹಾ ಹೊತ್ತಿಗೆ ಇಳಿಯುತ್ತದೆ. ಅಣ್ಣನದು ಹದಿನೇಳು ವರ್ಷವಾದರೂ ಇಳಿದಿರಲಿಲ್ಲ. ಇಂಥ ಮನಸ್ಸಿಟ್ಟುಕೊಂಡು ಮದೀನಾಕ್ಕೆ ಹೋಗಿ ಏನು ಪ್ರಯೋಜನ ಎಂದು ಅವನ ಜೊತೆ ಹೊರಟ ನಾನು ವಿಮಾನದಲ್ಲೂ ಗೊಣಗುತ್ತಿದ್ದೆ.

ಬಸವಂತ್ರಾಯ ಹಗೆಯೇನಲ್ಲ. ಒಂದು ಕಾಲಕ್ಕೆ ಇವನ ಜೀವದ ಗೆಳೆಯ, ಇವನ ಬಾಯಲ್ಲಿ ಬಸು. ಇಬ್ಬರೂ ಸುರಪುರ–ಶಹಾಪುರದ ನಡುವೆ ಜೀಪು ಹೊಡೆಯುತ್ತಿದ್ದರು. ಆ ದಿನಗಳನ್ನು ನೆನೆದರೆ ನನಗೆ ಈಗಲೂ ಡೀಸೆಲ್ ವಾಸನೆ ಬಂದಂತಾಗುತ್ತದೆ. ಬಸ್ಸುಗಳು ಕಡಿಮೆ, ಬೈಕುಗಳು ಇನ್ನೂ ಕಡಿಮೆ. ಜೀಪಿನ ಒಳಗೆ ಜನ, ಮೇಲೆ ಜನ, ಹಿಂದೆ ಜೋತುಬಿದ್ದವರು ಬೇರೆ. ಮೇಲಿನವರ ನಡುವೆ ಎರಡು ಆಡು, ಒಂದು ಮೂಟೆ ಮೆಣಸಿನಕಾಯಿ. ಗಾಡಿ ತುಂಬುವ ತನಕ ಹೊರಡುವಂತಿಲ್ಲ. “ಶಾಪೂರ ಶಾಪೂರ ಶಾಪೂರ” ಎಂದು ಕೂಗಿ ಕೂಗಿ ಕ್ಲೀನರುಗಳ ಗಂಟಲು ಒಡೆದಿರುತ್ತಿತ್ತು.

ಸ್ಟ್ಯಾಂಡು ಬಿಟ್ಟ ಮೇಲೆ ಶುರುವಾಗುತ್ತಿತ್ತು ನಿಜವಾದ ಆಟ. ಹತ್ತಿಗೂಡೂರು ಕ್ರಾಸಿನಲ್ಲಿ ಜನ ಯಾವಾಗಲೂ ಕಾಯುತ್ತಿದ್ದರು. ಮುಂದೆ ಹೋದ ಗಾಡಿಗೆ ಆ ಜನ ಸಿಗುತ್ತಿದ್ದರು, ಹಿಂದಿನದಕ್ಕೆ ದೂಳು. ಅದಕ್ಕಾಗಿ ಇವರಿಬ್ಬರೂ ಹಾರ್ನು ಹೊಡೆದು, ಸೈಡು ಕೊಡದೆ, ಒಬ್ಬರನ್ನೊಬ್ಬರು ಬೈಯುತ್ತ ಓಡಿಸುತ್ತಿದ್ದರು. ಒಳಗೆ ಕೂತ ಹೆಂಗಸರು ದೇವರ ಹೆಸರು ಹೇಳುತ್ತಿದ್ದರು, ಮೇಲಿನ ಪಡ್ಡೆಗಳು ಶಿಳ್ಳೆ ಹೊಡೆಯುತ್ತಿದ್ದರು. ಮಧ್ಯಾಹ್ನ ಅದೇ ಇಬ್ಬರು ಹುಣಸೆ ಮರದ ನೆರಳಲ್ಲಿ ಒಂದೇ ಡಬ್ಬಿ ಬಿಚ್ಚುತ್ತಿದ್ದರು. ನನ್ನ ಅತ್ತಿಗೆ ನಜೀಮಾ ಇಬ್ಬರಿಗೂ ಸಾಲುವಷ್ಟು ಜೋಳದ ರೊಟ್ಟಿ, ಪುಂಡಿಪಲ್ಲೆ ಕಟ್ಟಿ ಕಳಿಸುತ್ತಿದ್ದಳು. ಬಸವಂತ್ರಾಯನಿಗೆ ಖಾರ ಹೆಚ್ಚು ಬೇಕು ಎಂದು ಅರೆದ ಮೆಣಸಿನಕಾಯಿ ಬೇರೆ ಇಡುತ್ತಿದ್ದಳು.

ಆಮೇಲೆ ಆ ದಿನ ಬಂತು. ಹತ್ತಿಯ ಸುಗ್ಗಿ. ನಜೀಮಾಗೆ ಎದೆ ಹಿಡಿದು ಉಸಿರು ಸಿಕ್ಕಿಕೊಂಡಿತು, ಇಲ್ಲಿನ ಡಾಕ್ಟರು ಶಹಾಪುರದ ದವಾಖಾನೆಗೆ ಒಯ್ಯಿರಿ ಎಂದರು. ಸ್ಟ್ಯಾಂಡಿನ ಪಕ್ಕದಲ್ಲೇ ನಮ್ಮ ಮನೆ. ಅವಳನ್ನು ಎತ್ತಿ ಜೀಪಿನಲ್ಲಿ ಮಲಗಿಸಿದೆವು, ತಲೆ ನನ್ನ ತೊಡೆಯ ಮೇಲಿತ್ತು. ಸ್ಟ್ಯಾಂಡಿನಲ್ಲಿದ್ದ ಬಸವಂತ್ರಾಯ ಅದನ್ನು ನೋಡಿಯೂ ನಾವು ಹೊರಡುವ ಮುಂಚೆಯೇ ತನ್ನ ಗಾಡಿ ಬಿಟ್ಟ. ಶಹಾಪುರದ ತನಕ ಅವನು ನಮ್ಮ ಮುಂದೆಯೇ ಇದ್ದ, ಸೈಡು ಕೊಡಲೇ ಇಲ್ಲ. ಅಣ್ಣ ಸ್ಟೇರಿಂಗ್ ಬಡಿದು ಬಡಿದು ಬೈಯುತ್ತಿದ್ದ. ನನ್ನ ಕಣ್ಣು ಹೆಚ್ಚಾಗಿ ನಜೀಮಾಳ ಮುಖದ ಮೇಲೇ ಇತ್ತು. ದವಾಖಾನೆ ಮುಟ್ಟಿದೆವು, ಡಾಕ್ಟರು ಓಡಿ ಬಂದರು, ಆದರೂ ಅವಳು ಅರ್ಧ ತಾಸಿನಲ್ಲಿ ಹೋಗಿಬಿಟ್ಟಳು.

ಮೂರನೆಯ ದಿನ ಬಸವಂತ್ರಾಯ ಬಂದು ನಮ್ಮ ಬಾಗಿಲಲ್ಲಿ ನಿಂತ. ಅಣ್ಣ ತಲೆ ಎತ್ತಲಿಲ್ಲ. ಅವನು ಸ್ವಲ್ಪ ಹೊತ್ತು ನಿಂತು ಹೊರಟುಹೋದ. ಅವತ್ತಿನಿಂದ ನಮ್ಮ ಮನೆಯಲ್ಲಿ ಅವನ ಹೆಸರು ಎತ್ತುವಂತಿರಲಿಲ್ಲ. ಯಾರಾದರೂ ಎತ್ತಿದರೆ ಅಣ್ಣ ತಾಟು ಬಿಟ್ಟು ಏಳುತ್ತಿದ್ದ. ಅವನು ಮತ್ತೆ ಜೀಪು ಮುಟ್ಟಲೂ ಇಲ್ಲ.

ಮದೀನಾದಲ್ಲಿ ನಾವು ಇಳಿದಿದ್ದ ಹೋಟೆಲಿನ ಕೆಳಗೆ ಒಂದು ದೊಡ್ಡ ಟಿವಿ ಇತ್ತು. ಒಂದು ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದಾಗ ಅದರಲ್ಲಿ ಯಾವುದೋ ದೇಶದ ಮೋಟರ್ ರೇಸು ನಡೆದಿತ್ತು. ನೆಲಕ್ಕೆ ಹೊಟ್ಟೆ ತಾಗುವಂಥ ಕಾರುಗಳು. ಕೌಂಟರಿನಲ್ಲಿ ಕೂರುವ ತೌಹೀದ ಹೈದರಾಬಾದಿನವನು, ರೇಸಿನ ಹುಚ್ಚ. ಅಣ್ಣ ಸುಮ್ಮನೆ ದಾಟಿ ಹೋಗಬೇಕಾದವನು ನಿಂತುಬಿಟ್ಟ. ಗಾಡಿ ಕಂಡರೆ ಅವನ ಕಾಲು ತಾನಾಗಿ ನಿಲ್ಲುತ್ತದೆ. ಅವರಿಬ್ಬರೂ ಮಾತಾಡಿದ್ದು ದಖನಿ ಉರ್ದುವಿನಲ್ಲಿ, ನಾನು ಕನ್ನಡ ಮಾಡಿ ಹೇಳುತ್ತಿದ್ದೇನೆ.

“ಒಬ್ಬೊಬ್ಬರೇ ಕುಂತಾರಲ್ಲ, ಸೀಟು ತುಂಬಿಲ್ಲೇನು?” ಎಂದು ಅಣ್ಣ ಕೇಳಿದ.

“ಚಾಚಾ, ಇದು ರೇಸು. ಸೀಟ್ ಹಾಕಂಗಿಲ್ಲ” ಎಂದು ತೌಹೀದ ನಕ್ಕ.

“ಮಂದಿ ಇಲ್ದ ಯಾತಕ ಓಡ್ತಾರ ಮತ್ತ?”

ನನಗೂ ನಗು ಬಂತು. ಅಣ್ಣ ಸೋಫಾದ ತುದಿಗೆ ಕೂತ. ಸ್ವಲ್ಪ ಹೊತ್ತಿನಲ್ಲಿ ತಿರುವು ಬಂದಾಗಲೆಲ್ಲ ಅವನ ಬಲಗಾಲು ಬ್ರೇಕು ಒತ್ತುತ್ತಿತ್ತು. ಎಷ್ಟೋ ವರ್ಷದ ಮೇಲೆ ಅವನ ಮುಖದಲ್ಲಿ ಹಳೆಯ ಡ್ರೈವರನನ್ನು ಕಂಡೆ. ಕಣ್ಣು ತುಂಬಿ ಬಂತು, ದುಪಟ್ಟಾದಲ್ಲಿ ಒರೆಸಿಕೊಂಡೆ.

ಅಷ್ಟರಲ್ಲಿ ಒಂದು ಕಾರು ಗೋಡೆಗೆ ಬಡಿದು ಚೂರುಚೂರಾಯಿತು. ಹಳದಿ ಬಾವುಟ ಬೀಸಿದರು. ಎಲ್ಲಿಂದಲೋ ಮತ್ತೊಂದು ಕಾರು ಬಂದು ಎಲ್ಲರ ಮುಂದೆ ಸೇರಿಕೊಂಡಿತು, ತಲೆಯ ಮೇಲೆ ದೀಪ ಮಿಣುಗುತ್ತಿತ್ತು. ಅಷ್ಟು ಜೋರಿನ ಕಾರುಗಳೆಲ್ಲ ಅದರ ಬೆನ್ನ ಹಿಂದೆ ಸಾಲಾಗಿ ಬಂದವು.

ಅಣ್ಣನಿಗೆ ಸಿಟ್ಟು ಬಂತು. “ಯಾರಂವ? ಸೈಡ್ ಕೊಡವಲ್ಲ ನೋಡು. ಹಿಂದಿನವ್ರು ಏನು ಮಾಡ್ಬೇಕು?”

“ಸೈಡ್ ಕೊಡಬಾರದು ಚಾಚಾ. ಮುಂದ ಅಪಘಾತ ಆಗ್ಯದ. ಹಿಂದಿನವರನ್ನ ಕಾಪಾಡಿ ದಾಟಸಾಕ ಬಂದಾನ. ದಾರಿ ಆತು ಅಂದ್ರ ತಾನೇ ಬಾಜೂಕ ಸರೀತಾನ.”

“ಅವಂಗ ನಂಬರ್ ಸಿಗಂಗಿಲ್ಲೇನು?”

“ಅವ ರೇಸಿನಾಗೇ ಇಲ್ಲ.”

ಸ್ವಲ್ಪ ಹೊತ್ತಿಗೆ ಆ ಕಾರು ಪಕ್ಕದ ದಾರಿಗೆ ಸರಿಯಿತು, ಉಳಿದವು ಮತ್ತೆ ಹಾರಿದವು. ತೌಹೀದ ಕುರ್ಚಿಯಿಂದ ಎದ್ದು ನೋಡುತ್ತಿದ್ದ. ಅಣ್ಣ ಟಿವಿ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ. ಎದೆ ನೋವೇನೋ ಎಂದು ನನಗೆ ದಿಗಿಲಾಯಿತು. ಭುಜ ಹಿಡಿದು ಅಲುಗಿಸಿದೆ. ನಾವು ಮನೆಯಲ್ಲಿ ದಖನಿ ಆಡುವವರು, ಆದರೆ ಗಾಡಿಯ ಮಾತು ಬಂದರೆ ಅಣ್ಣನ ಬಾಯಿಗೆ ಕನ್ನಡವೇ ಬರುತ್ತದೆ.

“ಮಕ್ತು, ಬಸು ಅವತ್ತ ಹತ್ತಿಗೂಡೂರಾಗ ನಿಂದರಲಿಲ್ಲ” ಎಂದ.

“ಯಾವತ್ತು?”

“ಅವತ್ತs. ಕ್ರಾಸಿನಾಗ ಮಂದಿ ಕೈ ಮಾಡಾಕತ್ತಿದ್ರು, ಅವ ನಿಂದರಲಿಲ್ಲ. ಸ್ಟ್ಯಾಂಡಿನ್ಯಾಗೂ ಗಾಡಿ ತುಂಬಿದ್ದಿಲ್ಲ, ಅರ್ಧಾ ಖಾಲಿ ಬಿಟ್ಟ. ಹಂಗ ಯಾರರೆ ಬಿಡ್ತಾರೇನು?”

ಬಿಡುವುದಿಲ್ಲ. ಜನಕ್ಕಾಗಿಯೇ ಓಡುವವನು ಜನರನ್ನು ಬಿಟ್ಟು ಓಡುವುದಿಲ್ಲ. ನನಗೂ ಆಗ ಹೊಳೆಯಿತು. ಅಂದು ರಸ್ತೆ ತುಂಬ ಹತ್ತಿಯ ಬಂಡಿಗಳು, ಟ್ರಾಕ್ಟರುಗಳು. ಅವುಗಳನ್ನೆಲ್ಲ ಬದಿಗೆ ಸರಿಸುತ್ತ, ಕೈ ತೆಗೆಯದೆ ಹಾರ್ನು ಒತ್ತುತ್ತ ಬಸವಂತ್ರಾಯ ಮುಂದೆ ಹೋಗಿದ್ದ. ದವಾಖಾನೆಯ ಗೇಟು ಬಂದಾಗ ಗಾಡಿಯನ್ನು ಬದಿಗೆ ಹಾಕಿ ನಮ್ಮನ್ನು ಒಳಗೆ ಬಿಟ್ಟಿದ್ದ. ಅಣ್ಣ ಅವನ ಮುಖಕ್ಕೆ ಉಗಿದಂತೆ ಬೈದು ಒಳಗೆ ನುಗ್ಗಿದ್ದ. ಇಷ್ಟು ವರ್ಷ ಆ ಬೈಗುಳ ಮಾತ್ರ ನನಗೆ ನೆನಪಿನಲ್ಲಿತ್ತು.

“ಹಚ್ಚು ಫೋನ್” ಎಂದ ಅಣ್ಣ.

ಬಸವಂತ್ರಾಯನ ಹೆಂಡತಿ ಹಣಮಂತಮ್ಮ ನನ್ನ ಅಂಗನವಾಡಿಯಲ್ಲೇ ಅಡುಗೆ ಮಾಡುತ್ತಿದ್ದವಳು, ನಂಬರು ನನ್ನಲ್ಲಿತ್ತು. ಎತ್ತಿದವಳು ಅವಳೇ. ಸರದಾರಸಾಬ ಮಾತಾಡುತ್ತಾನಂತೆ ಎಂದರೆ ಅವಳಿಗೆ ನಂಬಿಕೆಯೇ ಬರಲಿಲ್ಲ. “ಯಕ್ಕಾ, ಚಾಷ್ಟಿ ಮಾಡಬ್ಯಾಡ್ರಿ” ಎಂದಳು. ಆಮೇಲೆ ಫೋನು ಗಂಡನ ಕೈಗೆ ಹೋಯಿತು. ಅಣ್ಣನಿಗೆ ಸರಿಯಾಗಿ ಕಿವಿ ಕೇಳುವುದಿಲ್ಲ, ಸ್ಪೀಕರು ಹಾಕಿದೆ.

“ಬಸು, ನಾ ಸಾಬ. ಮದೀನಾದಾಗಿಂದ ಮಾತಾಡಾಕತ್ತೇನಿ. ಮಾಫ್ ಮಾಡೋ.”

ಆ ಕಡೆ ಕುರ್ಚಿ ಎಳೆದು ಕೂತ ಸದ್ದಾಯಿತು.

“ಸಾಬ” ಎಂದ ಬಸವಂತ್ರಾಯ, ದನಿ ಮುದಿಯಾಗಿತ್ತು. “ಒಂದ್ ಕೇಳ್ತೀನಿ, ಖರೇ ಹೇಳು. ನಾ ಸೈಡ್ ಕೊಟ್ಟಿದ್ರ ನೀವು ಇನ್ನಾ ಲಗೂ ಮುಟ್ಟತಿದ್ರೇನು? ನನಗ ಇವತ್ತಿಗೂ ತಿಳಿವಲ್ತು. ಅದನ್ನ ಕೇಳಾಕs ಅವತ್ತ ನಿನ್ ಬಾಗಿಲಿಗೆ ಬಂದಿದ್ನಿ.”

ಅಂದರೆ ಇಷ್ಟು ವರ್ಷ ಇವನು ಸಿಟ್ಟು ಹೊತ್ತಿದ್ದ, ಅವನು ತಪ್ಪು ಹೊತ್ತಿದ್ದ. ಇಬ್ಬರ ನಡುವೆ ನಾಲ್ಕು ಓಣಿ. ನನಗೆ ಇಬ್ಬರ ಮೇಲೂ ಕೋಪ ಬಂತು, ಕೋಪದಲ್ಲೇ ಅಳು ಬಂತು.

“ಇಲ್ಲೋ. ನೀ ಮುಂದ ಇರಲಿಲ್ಲಂದ್ರ ಆಕಿ ಬಂಡಿಗಳ ನಡುವs ಹೋಗ್ತಿದ್ಳು. ಜೀವಾ ಇರೋದ್ರಾಗ ಮುಟ್ಟೀವಿ. ದವಾಖಾನ್ಯಾಗ ನನ್ನ ಕೈ ಹಿಡದು ಮಾತಾಡಿದ್ಳು” ಎಂದ ಅಣ್ಣ.

“ಏನಂದ್ಳೋ ಅಕ್ಕ?”

ಅಣ್ಣ ಫೋನನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡ.

“ಇಬ್ರೂ ಸಾವಕಾಶ ಹೊಡೀರಿ, ಗಾಡ್ಯಾಗ ಮಂದಿ ಕುಂತಾರ ಅಂದ್ಳು.”

ಈ ಮಾತನ್ನು ಅವನು ತನ್ನ ಮಕ್ಕಳಿಗೂ ಹೇಳಿರಲಿಲ್ಲ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ ನನಗೂ ಹೇಳಿರಲಿಲ್ಲ. ನಾವು ಯಾರೂ ಕೇಳಿರಲಿಲ್ಲ. ಬಸವಂತ್ರಾಯ ಕೇಳಿದ.