ಗಾಜಿನ ತಾತನ ನೀರಿನ ಕ್ಯಾನು

ಸಂಶೋಧನಾಲಯದ ಗಾಜಿನ ಮನೆಗೆ ಕುಂಡ, ಮಣ್ಣು, ಗೊಬ್ಬರ ಒದಗಿಸುವವನು ನಾನು. ಕೊಂಡವರು ಸರಕನ್ನು ಹೇಗೆ ಇಟ್ಟುಕೊಳ್ಳುತ್ತಾರೆಂದು ತಲೆಕೆಡಿಸಿಕೊಳ್ಳುವುದು ವ್ಯಾಪಾರಿಯ ಕೆಲಸವಲ್ಲ. ಆದರೆ ಅಲ್ಲಿನ ತೋಟಗಾರ ಬಿರುಕು ಬಿಟ್ಟ ಕುಂಡಕ್ಕೂ ತಂತಿ ಬಿಗಿದು ಇನ್ನೆರಡು ವರ್ಷ ದುಡಿಸುವ ಪುಣ್ಯಾತ್ಮ. ಅವನು ಇರುವಷ್ಟು ಕಾಲ ನನ್ನ ಕುಂಡದ ವ್ಯಾಪಾರ ಕುಂಟುವುದೇ ಸೈ.

ಪಿಎಚ್‌ಡಿ ಮಾಡಲು ಬಂದ ಮಕ್ಕಳು ಅವನನ್ನು ಗಾಜಿನ ತಾತ ಎನ್ನುತ್ತಿದ್ದರು. ಓದಿದ್ದು ನಾಲ್ಕನೇ ತರಗತಿ; ಕೈಯಲ್ಲಿ ಪಳಗಿ ಹೋದ ಡಾಕ್ಟರುಗಳು ಮೂವತ್ತಕ್ಕೂ ಹೆಚ್ಚು. ಹೊಸಬರಿಗೆ ಮೊದಲ ತಿಂಗಳು ನೀರು ಹಾಕುವ ಪಾಠ. “ಗಿಡದ ಬಾಯಿ ಕೆಳಗಿದೆ ಮಗಾ, ತಲೆಗ್ಯಾಕೆ ಹುಯ್ತೀಯ?” ಎಂದು ರೇಗಿಸುತ್ತಿದ್ದ. ಮೇಲ್ಮಣ್ಣು ನೋಡಿ ಮೋಸಹೋಗದೆ ಕುಂಡ ಎತ್ತಿ ಭಾರ ನೋಡಬೇಕೆಂದು ಕಲಿಸುತ್ತಿದ್ದವನೂ ಅವನೇ.

ಕೊನೆಯ ವರ್ಷದ ಹುಡುಗಿಯೊಬ್ಬಳು ಹನ್ನೆರಡು ತಳಿಯ ಅಲಸಂದೆ ಬೆಳೆಸಿದ್ದಳು. ತಳಿಗೆ ಐದರಂತೆ ಅರವತ್ತು ಕುಂಡ. ಇಪ್ಪತ್ತು ದಿನ ನೀರಿಲ್ಲದೆ ಯಾವುದು ತಡೆದೀತು ಎಂದು ನೋಡುವುದು ಅವಳ ಪರೀಕ್ಷೆ. ಅಷ್ಟೂ ದಿನ ಒಂದು ಹನಿಯೂ ಬೇಡವೆಂದು ತಾತನಿಗೆ ಹೇಳಿದಳು. ಅವನು ತಲೆಯಾಡಿಸಿದ. ಜೀವಮಾನವಿಡೀ ಉಣಿಸಿದವನಿಗೆ, ಮಕ್ಕಳನ್ನು ಉಪವಾಸ ಕೆಡವಿ ಕಾವಲು ಕೂತುಕೋ ಎಂದಂತೆ.

ಇಪ್ಪತ್ತನೆಯ ದಿನ ಐವತ್ತೈದು ಕುಂಡಗಳಲ್ಲಿ ಗಿಡಗಳು ಅಷ್ಟೋ ಇಷ್ಟೋ ಜೋತುಬಿದ್ದಿದ್ದವು. ಏಳನೇ ತಳಿಯ ಐದು ಮಾತ್ರ ಹಸಿರಾಗಿ, ಮೈ ತುಂಬಿಕೊಂಡು ನಿಂತಿದ್ದವು. ಹುಡುಗಿ ಗೊಬ್ಬರ ಇಳಿಸುತ್ತಿದ್ದ ನನ್ನನ್ನೂ ಬಿಡದೆ ಕರೆದು ತೋರಿಸಿದಳು. ಮುಂದಿನ ವಾರ ಪ್ರೊಫೆಸರುಗಳ ಎದುರು ಮಂಡಿಸಬೇಕು. ಅವರು ಒಪ್ಪಿದರೆ ಅದೇ ವರ್ಷ ಪದವಿ.

ಅದೇ ಸಂಜೆ ತಾತ ನನ್ನ ಅಂಗಡಿಗೆ ಬಂದು ಗೋಣಿಚೀಲದ ಮೇಲೆ ಕೂತ.

“ಏಳನೇದು ಹುಟ್ಟಿದಾಗಿಂದ ಬಡಕಲು, ಸಾಹುಕಾರ್ರೇ. ಎಂಟನೇ ದಿನಾನೇ ತಲೆ ಬಗ್ಗಿಸ್ಬಿಡ್ತು. ಒಂದೊಂದು ಲೋಟ ನೀರು ಕೊಟ್ಟೆ.”

“ಎಷ್ಟು ಸಲ?”

“ದಿನಾ.”

ನಗು ಬಂತು, ಅವನ ಮುಖ ನೋಡಿ ನುಂಗಿಕೊಂಡೆ. ಸುಮ್ಮನಿದ್ದರೆ ಯಾರಿಗೂ ತಿಳಿಯದಲ್ಲ ಎಂದೆ. ಸುಮ್ಮನಿದ್ದೇ ಎಷ್ಟೋ ಸರಕು ಸಾಗಹಾಕಿದವನು ನಾನು. ತಾತ ಒಪ್ಪಲಿಲ್ಲ. ನಾಳೆ ಯಾರೋ ಬಡಪಾಯಿ ಅದನ್ನು ನಂಬಿ ಹೊಲಕ್ಕೆ ಬಿತ್ತಿದರೆ ಅಲ್ಲಿ ಲೋಟ ಹಿಡಿದು ಯಾರು ಹೋಗುತ್ತಾರೆ ಎಂದ. ಒಬ್ಬನೇ ಹೇಳಲು ಧೈರ್ಯ ಸಾಲದು, ಜೊತೆಗೆ ಬನ್ನಿ ಎಂದು ಬೇಡಿದ.

ಮರುದಿನ ಬೆಳಿಗ್ಗೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿದ. ಹೇಳಿ, ಗಾಜಿನ ಮನೆಯ ಕೀಲಿಕೈಯನ್ನು ಹುಡುಗಿಯ ಮುಂದೆ ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ. ಒಂದು ವರ್ಷ ಕೈಬಿಟ್ಟು ಹೋಗುವುದನ್ನು ನೋಡುತ್ತ ನಿಂತಿದ್ದಳು. ಆಮೇಲೆ ಏಳನೇ ತಳಿಯ ಒಂದು ಕುಂಡವನ್ನೂ ಪಕ್ಕದ್ದನ್ನೂ ಎರಡು ಕೈಯಲ್ಲಿ ಎತ್ತಿದಳು.

“ಇದು ಎಷ್ಟು ಭಾರ ಇದೆ, ತಾತ. ಒಂದು ದಿನ ಎತ್ತಿ ನೋಡಿದ್ರೂ ನೀನು ಸಿಕ್ಕಿಬೀಳ್ತಿದ್ದೆ. ನೀನು ಕಲಿಸಿದ್ದನ್ನ ನಾನು ಮಾಡ್ಲಿಲ್ಲ.”

ತಾತ ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡು ಟವೆಲಿನಿಂದ ಮುಖ ಒರೆಸಿಕೊಂಡ. ಸೆಖೆ ಎಂದ. ಗಾಜಿನ ಮನೆಯಲ್ಲಿ ಸೆಖೆಗೇನು ಬರ.

ಪ್ರೊಫೆಸರಿಗೆ ಅವಳೇ ಹೋಗಿ ಹೇಳಿದಳು. ಮೊದಲಿನಿಂದ ಬಿತ್ತನೆಯಾಯಿತು. ನನ್ನ ಅಂಗಡಿಯ ತಕ್ಕಡಿ ಗಾಜಿನ ಮನೆ ಸೇರಿತು. ದಿನವೂ ಅರವತ್ತು ಕುಂಡ ತೂಗುವುದು ತಾತನ ಪಾಲಿಗೆ ಬಂತು. ನೀರು ನಿಲ್ಲಿಸುವ ದಿನ ಅವನೇ ತನ್ನ ನೀರಿನ ಕ್ಯಾನನ್ನು ನನ್ನ ಅಂಗಡಿಗೆ ಹೊತ್ತು ತಂದ.

“ಇಪ್ಪತ್ತು ದಿನ ಇಟ್ಕೊಳ್ಳಿ. ನಾನೇ ಬಂದು ಕೇಳಿದ್ರೂ ಕೊಡ್ಬೇಡಿ.”

ಎಂಟನೇ ದಿನ ಬಂದ. ಕ್ಯಾನು ಎಲ್ಲಾದರೂ ಸೋರುತ್ತದೆಯೇ ಎಂದು ನೋಡಬೇಕಂತೆ. ಅದನ್ನು ಮೇಲಿನ ಅಟ್ಟಕ್ಕೆ ಎತ್ತಿಟ್ಟೆ. ಹತ್ತನೇ ದಿನ ಬಂದು ಅಟ್ಟವನ್ನೇ ನೋಡುತ್ತ ಚಹಾ ಕುಡಿದು ಹೋದ.

ಇಪ್ಪತ್ತೊಂದನೇ ದಿನ ನಾನು ಬಾಗಿಲು ತೆಗೆಯುವ ಮೊದಲೇ ಇಬ್ಬರೂ ನಿಂತಿದ್ದರು. ಮೂರನೇ ತಳಿ ನೀರಿಲ್ಲದೆಯೂ ತಡೆದಿತ್ತು. ಮೊದಲ ಸಲ ಏಳನೇದರ ಹಸಿರಿನ ಮುಂದೆ ಅರೆಬಾಡಿ ನಿಂತು, ಯಾರೂ ಕಣ್ಣೆತ್ತಿ ನೋಡದಿದ್ದ ಗಿಡ ಅದು. ಏಳನೇದು ಎಲ್ಲಕ್ಕಿಂತ ಮೊದಲೇ ಮಲಗಿತ್ತಂತೆ, ಇನ್ನೂ ಜೀವವಿದೆಯಂತೆ.

“ಎಲ್ಲಾ ಬರ್ಕೊಂಡಾಯ್ತು,” ಎಂದಳು ಹುಡುಗಿ. “ಇನ್ನು ಕ್ಯಾನು ಕೊಡಿ.”

ಇಳಿಸಿಕೊಟ್ಟೆ. ತಾತ ಅದನ್ನು ಎದೆಗವಚಿಕೊಂಡು, ಆ ವಯಸ್ಸಿನಲ್ಲಿ, ಹೆಚ್ಚುಕಮ್ಮಿ ಓಡಿದ. ಮೊದಲ ಲೋಟ ಯಾವ ಕುಂಡಕ್ಕೆ ಬಿತ್ತೆಂದು ನಾನು ಕೇಳಲಿಲ್ಲ.